ಸೋದರಮಾವನ ಮೊದಲ ಗುಂಡು

ಏಪ್ರಿಲ್ 9, ಬುಧವಾರ. ಹುಮನಾಬಾದ

ಚಹಾ ಎರಡು. ಅಂಕಣ ಒಂದು. ಈ ವಾರ ಅಮೆರಿಕಕ್ಕೆ ಬುದ್ಧಿ ಹೇಳಿದ್ದೇನೆ. ಅಲ್ಲಿ ತರಕಾರಿ ತರಲು ಹೋದವರು ಪಿಸ್ತೂಲನ್ನೂ ತರುತ್ತಾರಂತೆ. ನಮ್ಮಲ್ಲಿ ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿದವನ ಮೀಸೆ ಹಣ್ಣಾಗುತ್ತದೆ. ಆದ್ದರಿಂದ ನಾವು ಸುರಕ್ಷಿತರು. ಬರೆದು ನಾನೇ ನಕ್ಕೆ. ಅಮೆರಿಕ ಇನ್ನೂ ಉತ್ತರಿಸಿಲ್ಲ.

ಏಪ್ರಿಲ್ 13, ಭಾನುವಾರ

ಬಸವಕಲ್ಯಾಣದಿಂದ ಅಕ್ಕನ ಗಂಡ ಮಹಾರುದ್ರಪ್ಪನವರ ಫೋನು. ಮಗನ ಮದುವೆ ಇಪ್ಪತ್ತಕ್ಕೆ. ಅವರ ಮನೆತನದ ರಿವಾಜು — ಮೆರವಣಿಗೆ ಹೊರಡುವ ಮುನ್ನ ವರನ ಸೋದರಮಾವ ಆಕಾಶಕ್ಕೆ ಮೊದಲ ಗುಂಡು ಹಾರಿಸಬೇಕು. ಸೋದರಮಾವ ಅಂದರೆ ನಾನು. ಬಂದೂಕು ಅವರದೇ, ಹುಡಗಿ ಎಂಬ ಊರಿನ ಹೊಲದಲ್ಲಿ ಹಂದಿ ಓಡಿಸಲೆಂದು ಲೈಸೆನ್ಸು ಪಡೆದದ್ದು.

"ಮಾಮಾ, ಲಗ್ನದಾಗ ಗುಂಡು ಹಾರಸೋದು ಗುನ್ಹೆ ಅದರಿ."

"ದುಶ್ಮನ್ ಮ್ಯಾಲ ಹಾರಸಿದ್ರ ಗುನ್ಹೆ. ಇದು ಖುಷಿ ಅದ. ಅಂಜಿಕಿ ಬಂದದೇನು? ಸೀರಿ ಕಳಸ್ಲೇನು?"

ಅಕ್ಕ ಫೋನು ಕಸಿದುಕೊಂಡಳು. "ತಮ್ಮಾ, ಬೀಗರ ಮುಂದ ನನ್ನ ಮಾನ ತಗೀಬ್ಯಾಡೋ."

ಕಾನೂನು ಸೋತಿತು. ಅಕ್ಕನ ಮೇಲೆ ಅಪೀಲಿಲ್ಲ.

ಏಪ್ರಿಲ್ 20, ಬೆಳಿಗ್ಗೆ 9. ಬಸವಕಲ್ಯಾಣ

ತಲೆಗೆ ಫೇಟಾ ಸುತ್ತಿದ್ದಾರೆ. ಕನ್ನಡಿಯಲ್ಲಿ ಒಬ್ಬ ನಿವೃತ್ತ ಸುಲ್ತಾನ. ಕರೆಯುತ್ತಿದ್ದಾರೆ.

ಏಪ್ರಿಲ್ 23

ಮೂರು ದಿನ ಬರೆಯಲಿಲ್ಲ.

ಬಂದೂಕು ಅಷ್ಟು ಭಾರ ಎಂದು ಗೊತ್ತಿರಲಿಲ್ಲ. ಎತ್ತಿದೆ. ಹಿಂದಿನಿಂದ ಯಾರೋ ಭುಜ ತಟ್ಟಿ, "ಹೊಡೀರಿ ಸಾಹಿತಿಗಳ!" ಎಂದರು. ನಳಿಗೆ ಇಳಿಯಿತು. ಬೆರಳು ಎಳೆಯಿತು. ಎದುರಿಗೆ ಬ್ಯಾಂಡಿನ ತುಳಜಾರಾಮ — ಬೇಮಳಖೇಡದವನು — ಕ್ಲಾರಿನೆಟ್ ಊದುತ್ತಿದ್ದ. ಅವನು ಬಿದ್ದ ಮೇಲೂ ಉಳಿದವರು ಅರ್ಧ ಹಾಡು ಬಾರಿಸಿದರು.

ಚರೆ ತಗುಲಿ ಅವನ ಎಡಗಣ್ಣು ಹೋಯಿತು. ಬಲಗಣ್ಣು... ಹತ್ತು ದಿನ ನೋಡೋಣ ಎಂದರು ಡಾಕ್ಟರು.

ಅಕ್ಷತೆ ಮುಹೂರ್ತಕ್ಕೆ ಸರಿಯಾಗಿ ಬಿತ್ತು. ಊಟವೂ ಚೆನ್ನಾಗಿತ್ತಂತೆ.

ಏಪ್ರಿಲ್ 26

ಠಾಣೆಯಲ್ಲಿ ಎಲ್ಲರದೂ ಒಂದೇ ಹೇಳಿಕೆ: ಗೋಡೆಗೆ ಒರಗಿಸಿಟ್ಟ ಬಂದೂಕು ಜಾರಿ ಬಿದ್ದು, ತಾನೇ ಹಾರಿತು. ಅದು ಬಿದ್ದದ್ದನ್ನು ಕಣ್ಣಾರೆ ಕಂಡವರು ಮುನ್ನೂರು ಜನ. ಅದನ್ನು ಹಿಡಿದವನನ್ನು ಕಂಡವರು ಸೊನ್ನೆ. ನನ್ನ ಸಹಿಯೂ ಇದೆ. ಅಂದವಾದ ಸಹಿ.

ಏಪ್ರಿಲ್ 28

ಆಸ್ಪತ್ರೆಗೆ ಹೋದೆ. ತುಳಜಾರಾಮನ ಹೆಂಡತಿ ಕೇಶರಬಾಯಿ ಬಾಗಿಲಲ್ಲೇ ತಡೆದಳು.

"ಬಾಯಿ, ಹಾರಸಿದಾಂವ ನಾನರಿ. ಠಾಣಾಕ್ಕ ಹೋಗಿ ಹೇಳ್ತೀನಿ. ನೀವೂ ಖರೇ ಹೇಳ್ರಿ."

"ನಮಗೇನ್ ಗೊತ್ತಿಲ್ಲೇನ್ರಿ? ಹೇಳಿದ್ರ ಮುಂದ ದೊಡ್ಡ ಮನಿಯಾಂವ ಯಾಂವ ನಮ್ಮನ್ನ ಕರೀತಾನ? ಅದ ಬ್ಯಾಂಡಿನಾಗ ನಮ್ಮ ಮೈದುನ ದತ್ತುನೂ ಬಾರಸ್ತಾನ. ಗುಂಡು ಹಾರಸಲಾರದ ಲಗ್ನ ಹುಡಕೋತ ಹೋಗೂನೇನು?"

ಒಳಗಿನಿಂದ ತುಳಜಾರಾಮ, "ಯಾರು ಬಂದಾರ?"

"ಯಾರಿಲ್ಲ," ಎಂದಳು.

ಏಪ್ರಿಲ್ 30, ಮಧ್ಯಾಹ್ನ

ಠಾಣೆಗೆ ಹೋದೆ. ಹವಾಲ್ದಾರರು ನನ್ನ ಅಂಕಣದ ಖಾಯಂ ಓದುಗರು. "ಗುಂಡು ಹಾರಸಿದಾಂವ ನಾನು," ಎಂದೆ. ಹೊಟ್ಟೆ ಹಿಡಿದು ನಕ್ಕರು.

"ಮುಂದಿನ ವಾರದ್ದು ಇದೇನ್ರಿ ಸರ್? ಭಾರಿ ಅದ!"

ಮತ್ತೊಮ್ಮೆ ಹೇಳಿದೆ. ನಗು ನಿಂತಿತು.

"ಮುನ್ನೂರು ಮಂದಿ ಬ್ಯಾರೇ ಹೇಳ್ಯಾರ. ಪೆಟ್ಟು ತಿಂದಾಂವನೂ ಹಂಗ ಹೇಳ್ಯಾನ. ನೀವೂ ಸಹಿ ಮಾಡೀರಿ. ಈಗ ನೀವೊಬ್ರ ಖರೇ ಹೇಳಿ ಏನ್ ಮಾಡ್ತೀರಿ? ... ಬರಕೊಂಡ ಬರ್ರಿ ಹಂಗಾದ್ರ. ಸಾಹೇಬ್ರಿಗಿ ಕೊಡ್ತೀನಿ."

ಇಪ್ಪತ್ತೆರಡು ವರ್ಷ ಜನ ನಗಲಿ ಎಂದು ಬರೆದೆ. ನಕ್ಕರು.

ಮೇ 4, ಸಂಜೆ 5

ಕೇಶರಬಾಯಿಯ ಫೋನು. ಬಲಗಣ್ಣೂ ಹೋಯಿತು. ಅಷ್ಟೇ ಹೇಳಿ ಇಟ್ಟಳು. ಬೈಯಲೂ ಇಲ್ಲ.

ಠಾಣೆಗೆ ಬರೆದು ಕೊಡಬೇಕಾದ ಹಾಳೆ ನಾಲ್ಕು ದಿನದಿಂದ ಖಾಲಿ. ಈಗ ಬರೆಯುತ್ತೇನೆ. ಮೊದಲು ಇಲ್ಲಿ, ಆಮೇಲೆ ಅದರಲ್ಲಿ —

'ಮಾನ್ಯರೇ, ಏಪ್ರಿಲ್ ಇಪ್ಪತ್ತರಂದು ಬಸವಕಲ್ಯಾಣದಲ್ಲಿ ಬಂದೂಕು ತಾನಾಗಿ ಬೀಳಲಿಲ್ಲ. ಅದನ್ನು ಕೈಯಲ್ಲಿ ಹಿಡಿದಿದ್ದವನು'

ಹೊರಗೆ ಜೀಪು ನಿಂತಿತು. ಅಕ್ಕ ಇಳಿದಳು. ಹೊಸ ಮದುಮಕ್ಕಳೂ ಇದ್ದಾರೆ, ನನ್ನ ಕಾಲಿಗೆ ಬೀಳಲು ಬಂದಿದ್ದಾರೆ.

ಹಿಡಿದಿದ್ದವನು