ತೋಳದ ದಾರ

ಅಪ್ಪ,

ಗೊಂಬೆಪೆಟ್ಟಿಗೆಯನ್ನು ವ್ಯಾನಿಗೇರಿಸಿಕೊಂಡು ನಾನೂ ಅಮ್ಮನೂ ಹೊರಟೆವು. ನಿನ್ನನ್ನು ಬೇಕೆಂದೇ ಎಬ್ಬಿಸಲಿಲ್ಲ. ಊಟ ಮುಚ್ಚಿಟ್ಟಿದ್ದೇನೆ. ಆಮೇಲೆ ಮಾತ್ರೆ, ಮರೆತೆ ಅನ್ನಬೇಡ.

ಮೊನ್ನೆ ಶಾಲೆಯ ಗೊಂಬೆಯಾಟದಲ್ಲಿ ನಿನ್ನ ಕೈ ನಡುಗಿ ತೋಳದ ಗೊಂಬೆಯೂ ನಡುಗಿತು. ಮಕ್ಕಳು ನಕ್ಕಾಗ "ಅದಕ್ಕೆ ಚಳಿ ಕಣ್ರೋ" ಅಂತ ನೀನು ಅಂದೆ. ಪರದೆಯ ಹಿಂದೆ ನಿನ್ನ ಮುಖ ನಾನು ನೋಡಿದೆ.

ನಮ್ಮ ಕಥೆಯ ತೋಳ ಅಜ್ಜಿಯನ್ನು ತಿನ್ನುವುದಿಲ್ಲ, ಚಮಚದಲ್ಲಿ ಔಷಧಿ ಕುಡಿಸುತ್ತದೆ. ಆ ಕೈ ನಡುಗಿದರೆ ಕಥೆಯೇ ಇಲ್ಲ.

ಇವತ್ತಿನಿಂದ ತೋಳವನ್ನು ನಾನೇ ಆಡಿಸುತ್ತೇನೆ. ಅದರ ದಾರಗಳನ್ನು ನನ್ನ ಎತ್ತರಕ್ಕೆ ಕತ್ತರಿಸಿದ್ದೇನೆ. ಮತ್ತೆ ಗಂಟು ಹಾಕಿ ಉದ್ದ ಮಾಡಲು ಬರುವುದಿಲ್ಲ. ಗಂಟಿನ ದಾರ ಸಿಕ್ಕಿಕೊಳ್ಳುತ್ತದೆಂದು ಕಲಿಸಿದವನು ನೀನೇ.

ಕತ್ತರಿ ತಂದುಕೊಟ್ಟವಳು ಅಮ್ಮ. ಕೊಟ್ಟು, ನೋಡಲಾರದೆ ಹೊರಗೆ ಹೋದಳು. ಬೈಯುವುದಿದ್ದರೆ ನನಗೇ ಬೈ.