ಜಮೀಲಾಳ ಅಮ್ಮನ ಮಸಾಲೆ

ಜನವರಿ 12, ಸೋಮವಾರ

ಮಿಕ್ಸಿ ಮತ್ತೆ ಬಿಸಿಯಾಗಿ ನಿಂತಿತು. ಒಣಶುಂಠಿ ಕಲ್ಲಿನ ಹಾಗಿದೆ. ಆಫೀಸಿನಿಂದ ಬಂದು ಚಪ್ಪಲಿ ಬಿಟ್ಟದ್ದೇ ಅಡುಗೆಮನೆ... ಸಾಕಾಯಿತು. ಯಾರು ಮಾಡು ಅಂದದ್ದು? ನಾನೇ ಬಾಯಿ ಹಾಕಿದ್ದು.

ಮೇಲಿನ ಮನೆಯ ಜಮೀಲಾ ಹೆತ್ತು ವಾರವಾಯಿತು. ಮೊರೊಕ್ಕೋದ ಹುಡುಗಿ. ಗಂಡ ಅಬ್ಬಾಸ್ ಇಲ್ಲಿಯ, ಗಲ್ಫಿನ ಅರಬನೇ; ನಮ್ಮ ಹತ್ತಿರ ಹಿಂದಿ ಮಾತಾಡುತ್ತಾನೆ. ಅವಳ ತಾಯಿ ಬಾಣಂತನಕ್ಕೆ ಬರಬೇಕಿತ್ತು. ಹಾರ್ಟ್ ಪ್ರಾಬ್ಲೆಮ್, ವಿಮಾನ ಬೇಡ ಅಂದರಂತೆ ಡಾಕ್ಟರು. ಅವರ ಕಡೆ ಬಾಣಂತಿಯ ಕೋಳಿಸಾರಿಗೆ ಒಂದು ಪುಡಿ ಹಾಕುತ್ತಾರೆ, ಮ್ಸಾಖನ್ ಅಂತ. ನಾನು ಮಾಡಿಕೊಡುತ್ತೇನೆ ಅಂದುಬಿಟ್ಟೆ.

ತಾಯಿ ನನ್ನ ಫೋನಿಗೇ ವಿಡಿಯೊ ಕಾಲ್ ಮಾಡಿ ಕಲಿಸುವುದು. ನನಗೆ ಅವರ ಭಾಷೆ ಬಾರದು, ಅವರಿಗೆ ನನ್ನದು. ಅವರು ಒಂದೊಂದೇ ಸಾಮಾನು ಹಿಡಿದು ತೋರಿಸುತ್ತಾರೆ, ನಾನು ನನ್ನ ಡಬ್ಬದಿಂದ ತೆಗೆದು ತೋರಿಸುತ್ತೇನೆ. ಹಿಪ್ಪಲಿ ಹಿಡಿದರು — ಅಯ್ಯೋ, ನಮ್ಮ ಬಾಣಂತಿ ಮದ್ದಿನದ್ದೇ! ಇಬ್ಬರೂ ನಕ್ಕೆವು. ಒಲೆಯ ಮೇಲೆ ಬಾಣಲೆ ಇಟ್ಟದ್ದು ಕಂಡು ಮಾತ್ರ ಬೆರಳಾಡಿಸಿದರು. “ಲಾ, ಲಾ!” ಹುರಿಯಬಾರದಂತೆ. ಬಿಸಿಲೇ ಸಾಕಂತೆ.

ಜನವರಿ 15

ಗುಲಾಬಿ ಮೊಗ್ಗು ಒಣಗಿದ್ದು ಸಿಕ್ಕಿತು. ಇಲ್ಲಿಯ ಅಮೇರಾತ್ ಪೇಟೆ ಪೂರ್ತಿ ಸುತ್ತಿ ಮೊಣಕಾಲು ಹೋಯಿತು. ಇವರು ಟಿವಿ ಮುಂದಿನಿಂದಲೇ, “ನಿನ್ನ ಮಗಳ ಬಾಣಂತನವಾ ಮಾರಾಯ್ತಿ ಇದು?” ಮಗಳು ದೀಕ್ಷಿತಾ ಫೋನಿನಿಂದ ತಲೆ ಎತ್ತದೆ, “ಅಮ್ಮಾ, ಜಸ್ಟ್ ಬೈ ಇಟ್ ಆನ್‌ಲೈನ್.” ಹೇಳುವುದು ಸುಲಭ.

ತಾಯಿ ಇವತ್ತು ಅರ್ಧಕ್ಕೇ ಫೋನ್ ಇಟ್ಟರು. ಮುಖ ಬಿಳಿಚಿತ್ತು. ಜಾಯಿಕಾಯಿ ಎಷ್ಟು ಅಂತ ಹೇಳಲೇ ಇಲ್ಲ.

ಜನವರಿ 19

ತಾಯಿ ಹೋದರು.

ಅಬ್ಬಾಸ್ ಲಿಫ್ಟಿನ ಹತ್ತಿರ ನಿಲ್ಲಿಸಿ ಹೇಳಿದ. “ಆಂಟಿ, ಜಮೀಲಾ ಕೋ ಮತ್ ಬೋಲ್ನಾ. ಚಾಲೀಸ್ ದಿನ್ ಹೋನೇ ದೋ.” ನಲವತ್ತು ದಿನ ಅವಳಿಗೆ ಹೇಳಬಾರದಂತೆ, ಸುದ್ದಿ ತಿಳಿದರೆ ಎದೆಹಾಲು ಬತ್ತುತ್ತದಂತೆ. ತಾಯಿ ಐಸಿಯುನಲ್ಲಿದ್ದಾರೆ, ಮಾತಾಡುವ ಹಾಗಿಲ್ಲ ಅಂತ ಅವಳಿಗೆ ಹೇಳಿದ್ದಾನೆ. ಅಳುತ್ತಿದ್ದ ಪಾಪ. ಹೂಂ ಅಂದೆ.

ದೊಡ್ಡ ಮಗ ಶೈಲೇಶ್ ಹುಟ್ಟಿದಾಗ ನನ್ನ ಅಪ್ಪ ಹೋದ ಸುದ್ದಿಯನ್ನೂ ಅತ್ತೆ ಹೀಗೇ ಮುಚ್ಚಿಟ್ಟರು. ಹಾಲು ಬತ್ತುತ್ತದೆ ಅಂತ. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ ಹೇಳಿದ್ದು. ಅಪ್ಪನ ಮುಖ ನೋಡಲಿಲ್ಲ, ಬಾಯಿಗೆ ಒಂದು ತೊಟ್ಟು ನೀರು ಬಿಡಲಿಲ್ಲ. ಅತ್ತೆಯ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ. ಅಂಥವಳು ನಾನು, ಹೂಂ ಅಂದೆ.

ಜನವರಿ 24, ಶನಿವಾರ

ಮ್ಸಾಖನ್ ಮುಗಿಸಿದೆ. ಮಂಕು ಬಡಿದ ಹಾಗೆ ಕೆಲಸ. ಯಾವಾಗ ಬಾಣಲೆ ಇಟ್ಟೆ, ಯಾವಾಗ ಲವಂಗ, ಏಲಕ್ಕಿ, ಜಾಯಿಪತ್ರೆ ಎಲ್ಲ ಹುರಿದೆ... ಗೊತ್ತೇ ಆಗಲಿಲ್ಲ. ಕೈ ಅದರ ಪಾಡಿಗೆ. ಪರಿಮಳ ಬಂದ ಮೇಲೆ ಎಚ್ಚರ. ಮತ್ತೆ ಮಾಡಲು ತ್ರಾಣವಿಲ್ಲ. ಅದನ್ನೇ ಸಾರಿಗೆ ಹಾಕಿ ಮೇಲೆ ಕೊಂಡುಹೋದೆ.

ಜಮೀಲಾ ಒಂದು ಚಮಚ ಬಾಯಿಗಿಟ್ಟಳು. “ಆಂಟಿ, ಯು ರೋಸ್ಟೆಡ್?”

“ಯುವರ್ ಮದರ್ ಸೇಯ್ಡ್...” ಅಂದುಬಿಟ್ಟೆ.

“ವೆನ್?”

“ಯೆಸ್ಟರ್‌ಡೇ.”

ಥತ್! ಮಾತಾಡುವ ಹಾಗಿಲ್ಲ ಅಂತ ಗಂಡ, ನಿನ್ನೆ ಹೇಳಿದರು ಅಂತ ನಾನು. ಅವಳು ಚಮಚ ಕೆಳಗಿಟ್ಟಳು. ನನ್ನನ್ನೇ ನೋಡಿದಳು. ಬಟ್ಟಲು ಅತ್ತ ಸರಿಸಿದಳು. ಬೈದಿದ್ದರೆ ವಾಸಿ ಇತ್ತು.

ಜನವರಿ 25, ಬೆಳಿಗ್ಗೆ

ಇಲ್ಲಿ ಭಾನುವಾರವೂ ಆಫೀಸು, ರಜೆ ಹಾಕಿದೆ. ಅಬ್ಬಾಸ್ ಕಾರು ಹತ್ತುತ್ತಿದ್ದ, ತಡೆದೆ. “ಆಜ್ ತುಮ್ ಬೋಲೋ. ನಹೀಂ ತೋ ಮೈಂ ಬೋಲೂಂಗಿ.” ಇವತ್ತು ಅವನು ಹೇಳದಿದ್ದರೆ ನಾನೇ ಹೇಳುವುದು.

“ಖಲಾಸ್, ಆಂಟಿ,” ಅಂದ. ಅವನಿಗೂ ಸಾಕಾಗಿತ್ತು. ಜೊತೆಗೆ ಬಂದ, ಆದರೆ ಕೋಣೆಯ ಬಾಗಿಲು ದಾಟಲಿಲ್ಲ.

ಜಮೀಲಾ ಹಾಲೂಡಿಸುತ್ತಿದ್ದಳು. ನಮ್ಮಿಬ್ಬರ ಮುಖ ನೋಡಿದಳು. “ವೇಯ್ಟ್,” ಅಂದಳು. ಮಗುವನ್ನು ಇನ್ನೊಂದು ಬದಿಗೆ ಹಾಕಿಕೊಂಡು ನಿಧಾನವಾಗಿ ಕುಡಿಸಿದಳು. ನಾವು ನಿಂತೇ ಇದ್ದೆವು. ಮಗು ತಾನಾಗಿ ಬಾಯಿ ಬಿಟ್ಟ ಮೇಲೆ ತೇಗಿಸಿ, ಬಟ್ಟೆ ಸುತ್ತಿ, ನನ್ನ ಕೈಗೆ ಕೊಟ್ಟಳು.

“ಶಿ ಈಸ್ ಫುಲ್,” ಅಂದಳು. “ನೌ ಟೆಲ್ ಮಿ.”

ಅಬ್ಬಾಸ್ ಗೋಡೆಗೆ ಮುಖ ಮಾಡಿದ. ನಾನೇ ಹೇಳಿದೆ.

ಮಗುವನ್ನು ಕೆಳಗೆ ನಮ್ಮ ಮನೆಗೆ ತಂದಿದ್ದೇನೆ. ಮೇಲಿನಿಂದ ಅಳು ಕೇಳಿಸುತ್ತಿದೆ. ಅಳಲಿ. ನನಗೆ ಅಳಲು ಬಿಡಲಿಲ್ಲ, ಅವಳಾದರೂ ಅಳಲಿ. ಹಾಲು ಬತ್ತುತ್ತದೆ ಅನ್ನುವುದೆಲ್ಲ ಸುಳ್ಳು ಅಂತ ನೂರು ಸಲ ಹೇಳಿಕೊಂಡೆ. ಆದರೂ ಮಗು ಯಾವಾಗ ಎದ್ದೀತೋ ಅಂತ ಅದರ ಮುಖವನ್ನೇ ನೋಡುತ್ತಾ ಕೂತಿದ್ದೇನೆ...

ಅಗೋ, ಎದ್ದಿತು. ಬಾಯಿ ಚಪ್ಪರಿಸುತ್ತಿದೆ. ಹಸಿವೆ. ಮೇಲೆ ಕೊಂಡುಹೋಗಬೇಕು. ದೇವರೇ, ಹಾಲು —