ಬರ್ತೀನಿ ಅಂದವನಿಗೆ

ಮನೆಯಿಂದ,
ಜೂನ್ ೧೫, ಸೋಮವಾರ ಬೆಳಗ್ಗೆ

ಪ್ರೀತಿಯ ಕಡ್ಡಿಗೆ,

ಹೇಗಿದ್ದೀಯ? ಬೆಟ್ಟದ ಮೇಲಿನ ಆ ಹೋಟೆಲಿನಲ್ಲಿ ನಿದ್ದೆ ಬರುತ್ತಿದೆಯೇ? ತರಬೇತಿಗೆಂದು ಅಷ್ಟು ಎತ್ತರಕ್ಕೆ ಹೋದ ಹೊಸತರಲ್ಲಿ ಮೂಗು ಒಣಗುತ್ತದೆ, ಊಟ ರುಚಿಸುವುದಿಲ್ಲ, ಸುಮ್ಮಸುಮ್ಮನೆ ಯಾರ ಮೇಲಾದರೂ ರೇಗಬೇಕು ಅನ್ನಿಸುತ್ತದೆ. ಹೆದರಬೇಡ, ತಾನಾಗಿಯೇ ಸರಿಹೋಗುತ್ತದೆ. ಮಂಡಿಯ ಹಿಂದಿನ ಸೆಳೆತ ಹೇಗಿದೆ? ಅದು ಬಂತೆಂದು ಸೈಕಲ್ ಸೀಟಿನ ಎತ್ತರ ಬದಲಿಸಲು ಹೋಗಬೇಡ. ತೊಂದರೆ ಇರುವುದು ನಿನ್ನ ಸೊಂಟದಲ್ಲಿ, ಮಂಡಿ ಪಾಪ ಬೈಸಿಕೊಳ್ಳುತ್ತದೆ ಅಷ್ಟೆ. ಇಷ್ಟೆಲ್ಲ ವಿಚಾರಿಸುತ್ತಿದ್ದಾನಲ್ಲ, ಅಣ್ಣನ ಸಿಟ್ಟು ಇಳಿಯಿತು ಎಂದು ನೀನು ಕಾಲು ಚಾಚಿ ಕೂತರೆ ನಾನು ಹೊಣೆಯಲ್ಲ. ಆರೋಗ್ಯ ವಿಚಾರಿಸುವುದು ಬೇರೆ, ಸಿಟ್ಟು ಬೇರೆ.

ಇಲ್ಲಿ ಅಮ್ಮ ನಮ್ಮ ಜೊತೆಗೇ ಇದ್ದಾಳೆ. ಕಿಟಕಿಯ ಪರದೆಗಳನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಾಳೆ. ಅವು ಚೆನ್ನಾಗಿಯೇ ಇದ್ದವು. ನಾನು ಅಡುಗೆಮನೆಗೂ ಬಚ್ಚಲಿಗೂ ನಡುವಿನ ಇಕ್ಕಟ್ಟಿನಲ್ಲಿ ಸೈಕಲ್ಲನ್ನು ರೋಲರ್ ಮೇಲೆ ನಿಲ್ಲಿಸಿಕೊಂಡು ನಿಂತಲ್ಲೇ ತುಳಿಯುತ್ತೇನೆ. ನಿನ್ನ ಅತ್ತಿಗೆ ಒಗೆದ ಬಟ್ಟೆಯ ಬುಟ್ಟಿ ಎತ್ತಿಕೊಂಡು ನನ್ನ ಮೊಣಕೈ ಪಕ್ಕದಲ್ಲಿ ನುಸುಳಿ ಹೋಗುತ್ತ, ‘ಇಷ್ಟು ಹೊತ್ತಿಂದ ತುಳೀತಿದೀರ, ಇನ್ನೂ ಅಡುಗೆಮನೆ ದಾಟಿಲ್ವಲ್ಲ’ ಅನ್ನುತ್ತಾಳೆ. ನಗು ಬರುತ್ತದೆ, ಆದರೆ ನಗುವುದಿಲ್ಲ. ನಿನಗೆ ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಎಲ್ಲದಕ್ಕೂ ‘ಹೂಂ’ ಅನ್ನುತ್ತೀಯ. ಯಾವ ಹೂಂ ಒಪ್ಪಿಗೆಯದು, ಯಾವ ಹೂಂ ‘ಬೇಗ ಮುಗಿಸು’ ಅನ್ನುವುದು ಎಂದು ಈಗ ನನಗೆ ತಿಳಿಯುವುದಿಲ್ಲ. ಅದಕ್ಕೇ ಈ ಕಾಗದ.

ಆ ಪತ್ರಿಕೆಯವನು, ಹೋದ ವರ್ಷ ನನ್ನನ್ನು ಗೆಲ್ಲುವ ಕುದುರೆ ಎಂದು ಬರೆದಿದ್ದನಲ್ಲ, ಅವನೇ, ಈ ವಾರ ನಿನ್ನ ಬಗ್ಗೆ ಅರ್ಧ ಪುಟ ತುಂಬಿಸಿದ್ದಾನೆ. ಮೂರು ವಾರದ ದೊಡ್ಡ ರೇಸಿನಲ್ಲಿ ಒಟ್ಟು ಗೆಲುವಿಗೆ ನೀನೂ ಹಕ್ಕುದಾರನಂತೆ. ನಾನು ಕೊನೆಯ ಸಾಲಿನಲ್ಲಿದ್ದೇನೆ, ‘ಅಣ್ಣನ ತ್ಯಾಗ’ ಎಂಬ ಮಾತಿನಲ್ಲಿ. ಅವನಿಗೆ ಗೊತ್ತಿಲ್ಲದ್ದನ್ನು ನಾನು ಹೇಳುತ್ತೇನೆ ಕೇಳು. ಕಡಿದಾದ ಏರಿನಲ್ಲಿ ನಿನ್ನನ್ನು ಹಿಡಿಯುವವರು ಹೆಚ್ಚಿಲ್ಲ. ಸೆಕೆಯೂ ನಿನಗೆ ಲೆಕ್ಕಕ್ಕಿಲ್ಲ. ಆದರೆ ಗಡಿಯಾರದ ಎದುರು ಒಬ್ಬೊಬ್ಬರೇ ಓಡಿಸುವ ದಿನ ನೀನು ಹೊರಟ ಕೂಡಲೇ ಇರುವುದನ್ನೆಲ್ಲ ಸುರಿದುಬಿಡುತ್ತೀಯ, ಅರ್ಧ ದಾರಿಗೆ ಬರಿಗೈ. ಒದ್ದೆ ರಸ್ತೆಯಲ್ಲಿ ಇಳಿಜಾರು ಬಂದರೆ ಬ್ರೇಕಿಗೆ ಜೋತುಬೀಳುತ್ತೀಯ. ಚಳಿ ಹಿಡಿದರೆ ತಿನ್ನುವುದನ್ನೇ ಮರೆಯುತ್ತೀಯ. ಮೂರನೆಯ ವಾರದಲ್ಲಿ ಮನುಷ್ಯನನ್ನು ಮಲಗಿಸಲು ಅದೊಂದೇ ಸಾಕು. ಜೇಬಿಗೆ ಕೈಹಾಕಿ ಏನಾದರೂ ತಿನ್ನು ಎಂದು ಗದರುವವನು ಪಕ್ಕದಲ್ಲಿದ್ದರೆ ಮೊದಲ ಮೂವರಲ್ಲಿ ನಿಲ್ಲುತ್ತೀಯ. ಗೆದ್ದರೂ ಆಶ್ಚರ್ಯವಿಲ್ಲ. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತಿಲ್ಲ ಎಂದು ಸುಳ್ಳು ಹೇಳಲಾರೆ. ಆ ಜಾಗ ನನ್ನದಾಗಿತ್ತು. ಹೋದ ವರ್ಷ ಮೂರನೆಯವನ ಬೆನ್ನು ನೋಡುತ್ತಲೇ ಮುಗಿಸಿದ್ದೆ. ಈ ವರ್ಷ ಕಾಲು ಹೇಳಿದ ಮಾತು ಕೇಳುತ್ತಿತ್ತು. ಮುಂದಿನ ವರ್ಷ ನನ್ನ ವಯಸ್ಸಿನವನನ್ನು ನಾಯಕನೆಂದು ಯಾವ ತಂಡವೂ ಇಟ್ಟುಕೊಳ್ಳುವುದಿಲ್ಲ.

ಈಗ ಆ ದಿನದ ವಿಷಯ. ಕಡ್ಡಿ ಮುರಿದ ಹಾಗೆ ಹೇಳುತ್ತೇನೆ, ನಿನ್ನ ಅಡ್ಡಹೆಸರಿಗೆ ತಗುಲಿದರೆ ಬೇಜಾರು ಮಾಡಿಕೊಳ್ಳಬೇಡ. ನಿನ್ನನ್ನು ಈ ತಂಡಕ್ಕೆ ತೆಗೆದುಕೊಂಡದ್ದು ಯಾಕೆಂದು ನಿನಗೂ ಗೊತ್ತು: ನಮ್ಮಿಬ್ಬರ ಕಾಲಿನ ಉದ್ದ ಒಂದೇ. ನನ್ನ ಸೈಕಲ್ ಕೆಟ್ಟರೆ ನೀನು ಇಳಿದು ನಿನ್ನದನ್ನು ಕೊಡಬೇಕು, ನಾನು ಸೀಟು ಮುಟ್ಟದೆ ಹತ್ತಿ ಹೋಗಬೇಕು. ಬೇರೆ ನಾಯಕರಿಗೆ ಈ ಅನುಕೂಲವಿರಲಿಲ್ಲ. ಕಿವಿಗೆ ಸಿಕ್ಕಿಸಿಕೊಂಡ ರೇಡಿಯೋದಲ್ಲಿ ನಾವು ಮನೆಮಾತು ಆಡುವುದೂ, ತನಗೇ ಅದು ಬಾರದಿದ್ದರೂ, ತಂಡದ ಮ್ಯಾನೇಜರನಿಗೆ ಇಷ್ಟವಾಗಿತ್ತು. ಎದುರಾಳಿಗಳು ಕದ್ದು ಕೇಳಿದರೂ ಒಂದಕ್ಷರ ತಿಳಿಯುವುದಿಲ್ಲ ಎಂದು ಕೈ ಉಜ್ಜಿಕೊಳ್ಳುತ್ತಿದ್ದ. ಆ ದಿನದ ರೇಸು ದೊಡ್ಡ ರೇಸಿಗೆ ಮುಂಚಿನ ಕೊನೆಯ ಪರೀಕ್ಷೆ, ಅಲ್ಲಿ ಮುಂದಿದ್ದವನೇ ದೊಡ್ಡ ರೇಸಿಗೂ ನಾಯಕ. ಕೊನೆಯ ಏರು ಶುರುವಾಗುವ ಸೇತುವೆಯ ಹತ್ತಿರ ನನ್ನ ಹಿಂದಿನ ಗೇರು ಮುರಿದು ಚಕ್ರದೊಳಗೆ ಸಿಕ್ಕಿಕೊಂಡಿತು. ನೀನು ಗುಂಪಿನ ಮುಂದೆ ಎಳೆಯುತ್ತಿದ್ದೆ, ತಿರುವಿನ ಆಚೆಗೆ ಹೋಗಿಬಿಟ್ಟಿದ್ದೆ. ಬದಲಿ ಸೈಕಲ್ ಹೊತ್ತ ನಮ್ಮ ತಂಡದ ಕಾರು ಎಲ್ಲೋ ಹಿಂದೆ, ಕಿರಿದಾದ ರಸ್ತೆಯಲ್ಲಿ, ಚದುರಿದ ಸವಾರರ ನಡುವೆ. ‘ಗೇರ್ ಹೋಯ್ತು ಕಣೋ, ನಿಂತಿದೀನಿ’ ಅಂದೆ. ನೀನು ‘ಅಣ್ಣಾ, ಬರ್ತೀನಿ’ ಅಂದೆ. ನಾನು ‘ಬಾ’ ಅಂದೆ.

ಅಷ್ಟೇ ಮಾತು. ಮುರಿದ ಸೈಕಲ್ಲನ್ನು ಸೇತುವೆಯ ಗೋಡೆಗೆ ಒರಗಿಸಿ, ನೀನು ತಿರುಗಿ ಬರುವ ದಾರಿ ನೋಡುತ್ತ ನಿಂತೆ. ಎಲ್ಲ ತಂಡಗಳಿಗೂ ಸೇರಿದ ಸಹಾಯದ ಕಾರು ಬಂದು ನಿಂತಿತು. ಅದರ ಮೆಕ್ಯಾನಿಕ್ ಕಾರಿನ ಮೇಲಿದ್ದ ಹಳದಿ ಸೈಕಲ್ಲಿಗೆ ಕೈಹಾಕಿದ. ಬೇಡ, ತಮ್ಮ ಬರುತ್ತಿದ್ದಾನೆ ಎಂದು ನಾನೇ ಕೈಬೀಸಿ ಅವನನ್ನು ಕಳಿಸಿಬಿಟ್ಟೆ. ಅಳತೆಗೆ ಸರಿಯಿಲ್ಲದಿದ್ದರೂ ಅದನ್ನೇ ಹತ್ತಿದ್ದರೆ ಸ್ವಲ್ಪ ಹೊತ್ತಿನ ನಷ್ಟದಲ್ಲೇ ಪಾರಾಗುತ್ತಿದ್ದೆ. ಒಂದು ಗುಂಪು ಹೋಯಿತು. ಇನ್ನೊಂದು ಹೋಯಿತು. ಹಿಂದಿನ ದಿನ ನನ್ನ ಚಕ್ರಕ್ಕೆ ಅಂಟಿಕೊಂಡು ಏದುಸಿರು ಬಿಡುತ್ತಿದ್ದವರೂ ನನ್ನತ್ತ ನೋಡದೆ ಹೋದರು. ರಸ್ತೆ ಬದಿಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದ ಹೆಂಗಸೊಬ್ಬಳು ಎದ್ದು ಬಂದು ನನಗೇ ಕುರ್ಚಿ ಕೊಡಲು ನೋಡಿದಳು. ಅಷ್ಟರಲ್ಲಿ ರೇಡಿಯೋದಲ್ಲಿ ಮ್ಯಾನೇಜರ್ ಕೂಗಾಡುವುದು ಕೇಳಿಸಿತು: ಎಲ್ಲರನ್ನೂ ಬಿಟ್ಟು ಒಬ್ಬನೇ ಹೋಗುತ್ತಿದ್ದಾನೆ, ಹೋಗು, ಹೋಗು ಎಂದು. ನನಗೆ ಆಗಲೂ ಹೊಳೆಯಲಿಲ್ಲ ನೋಡು. ಬೇರೆ ಯಾರ ವಿಷಯವೋ ಅಂದುಕೊಂಡೆ.

ನಮ್ಮ ಮನೆಯಲ್ಲಿ ಹೊಸಿಲು ದಾಟುವಾಗ ಯಾರು ‘ಹೋಗ್ತೀನಿ’ ಅಂದಿದ್ದಾರೆ? ಹೊರಡುವವನು ‘ಬರ್ತೀನಿ’ ಅನ್ನುತ್ತಾನೆ, ಇರುವವರು ‘ಬಾ’ ಅನ್ನುತ್ತಾರೆ. ನೀನು ಹೊರಟೆ, ನಾನು ಕಳಿಸಿಕೊಟ್ಟೆ. ಮಾತಿನ ಪ್ರಕಾರ ಎಲ್ಲ ಸರಿ. ಆ ಸಂಜೆ ಬಸ್ಸಿನಲ್ಲಿ ನಾನು ತಲೆಯ ಮೇಲೆ ಟವೆಲ್ ಹಾಕಿಕೊಂಡು ಹಿಂದಿನ ಸೀಟಿನಲ್ಲಿದ್ದೆ. ಅಣ್ಣತಮ್ಮಂದಿರು ಏನು ಮಾತಾಡಿಕೊಂಡಿರಿ ಎಂದು ಮ್ಯಾನೇಜರ್ ನಿನ್ನನ್ನು ಕೇಳಿದ. ನೀನು ಅವನ ಭಾಷೆಯಲ್ಲಿ, ಸ್ವಲ್ಪವೂ ತೊದಲದೆ, ಹೋಗಲಾ ಎಂದು ನಾನು ಕೇಳಿದೆ, ಹೋಗು ಎಂದು ಅಣ್ಣ ಹೇಳಿದ ಅಂದೆ. ಆಮೇಲೆ ನನ್ನ ಕಡೆ ತಿರುಗಿ ನೋಡಿದೆ. ಅವನು ಬಂದು ಭುಜ ತಟ್ಟಿ, ಎಂಥ ಅಣ್ಣ ಎಂದ. ನಾನು ಬಾಯಿ ಬಿಟ್ಟಿದ್ದರೆ ಅವನಿಗೆ ವ್ಯಾಕರಣದ ಪಾಠ ಮಾಡಬೇಕಿತ್ತು. ಸೋತವನು ಮಾಡುವ ಪಾಠ ಯಾರಿಗೆ ಬೇಕು? ನೀನು ಗೆದ್ದದ್ದಕ್ಕೆ ನನಗೆ ಸಿಟ್ಟಿಲ್ಲ ಕಣೋ. ಏರಿನಲ್ಲಿ ಕಾಲು ಹಗುರವಾಗಿರುವಾಗ ಹಿಂದಕ್ಕೆ ತಿರುಗುವುದು ಎಷ್ಟು ಕಷ್ಟವೆಂದು ಬಲ್ಲೆ. ‘ಆಸೆ ಆಯ್ತು ಅಣ್ಣಾ, ತಡೆಯೋಕಾಗ್ಲಿಲ್ಲ, ಹೋಗ್ಬಿಟ್ಟೆ’ ಅಂದಿದ್ದರೆ ಬೈದು, ಒಂದಷ್ಟು ದಿನ ಮಾತು ಬಿಟ್ಟು, ಆಮೇಲೆ ನಾನೇ ನಿನ್ನ ಸೊಂಟದ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದೆ. ನೀನು ಮನೆಯ ಮಾತನ್ನು ನಿನಗೆ ಬೇಕಾದ ಹಾಗೆ ತಿರುಚಿದೆ, ಅದೂ ನಾನು ಕೇಳುತ್ತಿರುವಾಗಲೇ. ಕೈ ಹಿಡಿಯುತ್ತಾನೆ ಎಂದು ನಂಬಿದವನಿಗೆ ಕೈ ಕೊಟ್ಟೆ.

ಆದರೂ ನಿನ್ನ ಪರವಾಗಿ ನನ್ನೊಳಗೇ ವಾದಿಸುತ್ತಿದ್ದೆ. ಗಾಳಿ, ಜನರ ಗದ್ದಲ, ನಾನು ನಿಂತಿದ್ದೇನೆ ಅಂದದ್ದು ಅವನಿಗೆ ಕೇಳಿಸಿರಲಿಕ್ಕಿಲ್ಲ, ನಿಜವಾಗಿಯೂ ಒಪ್ಪಿಗೆ ಕೇಳಿದನೇನೋ ಎಂದು. ಮೊನ್ನೆ ಟೀವಿಯವರು ಆ ದಿನದ ರೇಸನ್ನು ಮತ್ತೆ ತೋರಿಸಿದರು, ನಮ್ಮ ರೇಡಿಯೋ ಮಾತನ್ನೂ ಹಾಕಿದರು. ಅಮ್ಮ ಸೂಜಿ ಹಿಡಿದು ಕೂತಿದ್ದಳು. ಅವಳಿಗೆ ಗೇರೂ ತಿಳಿಯದು, ಏರೂ ತಿಳಿಯದು. ನಿನ್ನ ದನಿ ಬಂದದ್ದೇ ತಡ, ತಲೆ ಎತ್ತದೆ, ‘ಇದು ಚಪ್ಪಲಿ ಮೆಟ್ಕೊಂಡ್ಮೇಲೆ ಹೇಳೋ ಬರ್ತೀನಿ ಕಣೋ’ ಎಂದು ನಕ್ಕಳು. ಆಟಕ್ಕೆ ಓಡುವಾಗ ಗೇಟಿನ ಆಚೆಯಿಂದ ಕೂಗುತ್ತಿದ್ದೆಯಲ್ಲ, ಬೇಡ ಅನ್ನಲು ಯಾರಿಗೂ ಸಮಯ ಕೊಡದೆ, ಅದು. ಅವಳು ಹೇಳಿದ ಮೇಲೆ ನನಗೂ ಹಾಗೆಯೇ ಕೇಳಿಸಿತು. ಹೋಗಲಾ ಎಂದು ಕೇಳಿದವನ ಮಾತಲ್ಲ, ಆಗಲೇ ಹೊರಟಿದ್ದವನ ಮಾತು. ಆಮೇಲೆ ಟೀವಿಯಲ್ಲಿ ನಾನು ಆ ಕಾರಿಗೆ ಕೈಬೀಸುವುದು ಕಂಡಿತು. ‘ಅದನ್ನ ಯಾಕೋ ಕಳಿಸ್ಬಿಟ್ಟೆ?’ ಎಂದು ಕೇಳಿದಳು. ನಾನು ಎದ್ದು ಟೀವಿ ಆರಿಸಿದೆ. ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಒಳಗೆ ಹೋದಳು. ಆಮೇಲೆ ಆ ವಿಷಯ ಎತ್ತಿಲ್ಲ.

ಇನ್ನೇನು, ಕೈ ನೋಯುತ್ತಿದೆ. ಪೆನ್ನು ಹಿಡಿದು ಎಷ್ಟು ಕಾಲವಾಯಿತೋ. ಬಿಸಿಲಿಗೆ ಕುತ್ತಿಗೆ ಸುಟ್ಟುಕೊಳ್ಳಬೇಡ. ಅಮ್ಮ ಒಳ್ಳೆಯದಾಗಲಿ ಎಂದು ಹೇಳಲು ಹೇಳಿದ್ದಾಳೆ, ಹೊಟ್ಟೆ ತುಂಬ ತಿನ್ನಬೇಕಂತೆ. ಅತ್ತಿಗೆಯೂ ಕೇಳಿದಳೆಂದು ಬರೆಯಿರಿ ಅಂದಳು, ಸ್ವಲ್ಪ ಯೋಚಿಸಿದ ಮೇಲೆ.

ಇಂತಿ,
ನಿನ್ನ ಅಣ್ಣ

ತಾ. ಕ.: ಅತ್ತಿಗೆ ಅಂಚೆಗೆ ಹಾಕಲು ಬಾಗಿಲಲ್ಲಿ ನಿಂತಿದ್ದಾಳೆ, ಬೇಗ ಬೇಗ ಬರೆಯುತ್ತಿದ್ದೇನೆ. ನಿನ್ನೆ ಮ್ಯಾನೇಜರ್ ಫೋನ್ ಮಾಡಿ, ದೊಡ್ಡ ರೇಸಿನಲ್ಲಿ ನಿನ್ನ ಸಹಾಯಕನಾಗಿ ಬರುತ್ತೀಯಾ ಎಂದು ಕೇಳಿದ. ಒಪ್ಪಿಕೊಂಡೆ. ಕೆಲಸದಲ್ಲಿ ನನ್ನಿಂದ ಮೋಸವಾಗುವುದಿಲ್ಲ. ನಿನ್ನ ಸೈಕಲ್ ಕೆಟ್ಟರೆ ನೀನು ಕೇಳುವ ಮೊದಲೇ ನನ್ನದು ನಿನ್ನ ಕೈಯಲ್ಲಿರುತ್ತದೆ. ಚಳಿಯಲ್ಲಿ ತಿನ್ನು ಎಂದು ಗದರುವವನೂ ನಾನೇ. ಒಂದೇ ಷರತ್ತು, ಅದನ್ನು ಅವನಿಗೆ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ರೇಡಿಯೋದಲ್ಲಿ ನನ್ನ ಜೊತೆ ಮ್ಯಾನೇಜರನ ಭಾಷೆಯಲ್ಲೇ ಮಾತಾಡು. ಅಣ್ಣಾ ಅನ್ನಬೇಡ. ನನ್ನ ಬೆನ್ನ ಮೇಲೆ ನಂಬರ್ ಇರುತ್ತದೆ, ಅದನ್ನು ಕರೆದರೆ ಸಾಕು.